ಚಿಕ್ಕಬೋರಮ್ಮನ ಹೊಸ ಹಲ್ಲು

ನಿಡಘಟ್ಟದ ಚಿಕ್ಕಬೋರಮ್ಮನಿಗೆ ಹಲ್ಲೆಲ್ಲ ಬಿದ್ದುಹೋದದ್ದರಿಂದ ಊಟಕ್ಕೇನೂ ತೊಡಕಾಗಲಿಲ್ಲ. ಮುದ್ದೆ ನುಂಗುವ ಸೀಮೆಯಲ್ಲಿ ಹಲ್ಲು ಯಾರಿಗೆ ಬೇಕು ಹೇಳಿ! ಅವಳ ಸಂಕಟವೇ ಬೇರೆ. ಸುತ್ತ ಹತ್ತೂರ ಮದುವೆಗಳಲ್ಲಿ ಸೋಬಾನೆ ಹೇಳಿದ ಬಾಯಿ ಅದು. ಈಗ ಪದ ಎತ್ತಿದರೆ ಬರೀ ಗಾಳಿ. ಮೊಮ್ಮಗಳು ಮಲ್ಲಿಗಮ್ಮನ ಮದುವೆಯಲ್ಲೂ ತೆಪ್ಪಗೆ ಮೂಲೆ ಹಿಡಿದು ಕೂರಬೇಕಲ್ಲ ಎಂದು ಮುದುಕಿಗೆ ಕರುಳು ಕಿತ್ತು ಬರುತ್ತಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ, ದಂಡಿಗೆ ಹೋಗಿದ್ದ ಅಫ್ಸರ್ ಪಾಷಾ ಮದ್ದೂರಿಗೆ ವಾಪಸ್ಸು ಬಂದು ಅಂಗಡಿ ಇಟ್ಟ. ಬೆಂಗಳೂರಿನ ದಂಡಿನ ಆಸ್ಪತ್ರೆಯಲ್ಲಿ ಸಿಪಾಯಿಗಳಿಗೆ ಕಟ್ಟುವ ಹಲ್ಲು ಮಾಡುವುದನ್ನು ಕಲಿತಿದ್ದ. ಪುಡಿಗೆ ನೀರಿನಂಥ ರಸ ಕಲಸಿ, ಅಚ್ಚಿಗೆ ತುಂಬಿ ಬೇಯಿಸಿದರೆ ಥೇಟ್ ವಸಡಿನ ಬಣ್ಣದ ಪ್ಲಾಸ್ಟಿಕ್ಕು! ಬೋರಮ್ಮ ನಡೆದೇ ಹೋಗಿ ಬಾಯಿಯ ಅಚ್ಚು ಕೊಟ್ಟು ಬಂದಳು. ಹಲ್ಲಿನ ಕಟ್ಟು ಬಾಯಲ್ಲಿ ಕೂತ ದಿನ ಅಂಗಡಿಯಲ್ಲೇ ಒಂದು ಪದ ಹೇಳಿ ನೋಡಿದಳು. ಅರಳು ಹುರಿದ ಹಾಗೆ ಬಂತು. ಖುಷಿಗೆ ಅಲ್ಲೇ ಅತ್ತಳು, ಮದುವೆಗೆ ಬರಲೇಬೇಕೆಂದು ಪಾಷಾನಿಂದ ಮಾತು ತಗೊಂಡೇ ಊರಿಗೆ ಹೊರಟಳು.

ಮದುವೆಯ ದಿನ ಹಸೆಯ ಮುಂದೆ ಕೂತು ಇನ್ನೇನು ಪದ ಎತ್ತಬೇಕು, ಗಂಡಿನ ಸೋದರತ್ತೆ ಅಂಕಮ್ಮ ಅಡ್ಡ ಬಂದಳು. ಪಾಷಾನ ಮನೆಯವರು ತಲೆತಲಾಂತರದಿಂದ ಎಮ್ಮೆ ಕೊಂಬಿನ ಬಾಚಣಿಗೆ ಮಾಡುವವರು. ಇದೂ ಕೊಂಬೋ ಮೂಳೆಯೋ ಇರಬೇಕೆಂದು ಆಕೆಯ ಲೆಕ್ಕ.

“ಮೂಳೆ ಬಾಯಲ್ಲಿಟ್ಕಂಡು ಹಸೆ ಮುಂದೆ ಸೋಬಾನೆ ಯೋಳ್ತೀಯಾ? ಬಿಚ್ಚಿಡು, ಇಲ್ದಿದ್ರೆ ಎದ್ದೋಗು.”

ಬೋರಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಿಚ್ಚಿದರೆ ಪದ ಹೇಳೋದು ಹೇಗೆ?

ಚಪ್ಪರದಾಚೆ ನಿಂತಿದ್ದ ಪಾಷಾ ಒಳಗೆ ಬಂದ. ಕಟ್ಟನ್ನು ಇಸಕೊಂಡು, ಅದರ ಹಿಂದಿನ ಅಂಚನ್ನು ಚಾಕುವಿನಲ್ಲಿ ಚೂರೇ ಚೂರು ಹೆರೆದು, ಹೆರೆದ ಪುಡಿಯನ್ನು ಒಲೆಯಿಂದ ತರಿಸಿದ ಕೆಂಡದ ಮೇಲೆ ಹಾಕಿದ. ಹೆಂಗಸರೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡರು; ಕೊಂಬು ಸುಟ್ಟರೆ ಬರುವ ಕೂದಲು ಸುಟ್ಟ ನಾತ ಅವರಿಗೆ ಗೊತ್ತಿಲ್ಲದ್ದೇ?

“ಕೊಂಬೋ ಮೂಳೆಯೋ ಆಗಿದ್ರೆ ನಾರ್ತದೆ ಕಣಮ್ಮ. ಮೂಸಿ ನೋಡಿ.”

ಅಂಕಮ್ಮ ಸೆರಗು ಸರಿಸಿ ಮೂಸಿದಳು. ಮತ್ತೆ ಮೂಸಿದಳು. ಯಾವುದೋ ಹಣ್ಣಿನ ಗಮಲು ಇದ್ದ ಹಾಗಿದೆ ಎಂದು ಗೊಣಗಿದಳು. ಆಮೇಲೆ ತಾನೇ ಚೊಂಬಿನ ನೀರಲ್ಲಿ ಕಟ್ಟು ತೊಳೆದು ಬೋರಮ್ಮನ ಕೈಗಿಟ್ಟಳು.

ಅಬ್ಬಬ್ಬಾ, ಅವತ್ತು ಹೇಳಿದಳು ನೋಡಿ ಸೋಬಾನೆ! ಚಪ್ಪರದ ಗದ್ದಲವೆಲ್ಲ ನಿಂತೇಹೋಯಿತು. ಹೆಣ್ಣಿನ ಸೋದರಮಾವಂದಿರ ಹೆಸರು ಸೇರಿಸಿ ಹೊಗಳುವುದು ಅವರ ಕಡೆಯ ವಾಡಿಕೆ. ಶಿವಯ್ಯ, ಲಿಂಗಯ್ಯ ಆದಮೇಲೆ ಬೋರಮ್ಮ ಉಸಿರೆಳೆದುಕೊಂಡು ಅಫ್ಸರ್ ಪಾಷಾನ ಹೆಸರನ್ನೂ ಹೇಳಿಯೇಬಿಟ್ಟಳು. ಹಿಂದೆ ದನಿಗೂಡಿಸುವ ಹೆಂಗಸರು ತಬ್ಬಿಬ್ಬಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹೆಸರಿಗೆ ಮೊದಲು ದನಿ ಕೂಡಿಸಿದವಳು ಅಂಕಮ್ಮ.