ಪುಂಜಾಲಕಟ್ಟೆಯ ಕಾರಿಗೆ ನಾನು ಹಾಕಿದ ಸಹಿ

೧೯೮೧ರಲ್ಲಿ ನಾನು ಬಂಟ್ವಾಳದ ಒಂದು ಗ್ಯಾರೇಜಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ಮಂಗಳೂರಿನ ಕಾರ್ ಡೀಲರೊಬ್ಬರು ಈ ಕಡೆಯ ಗಿರಾಕಿಗಳ ಸರ್ವಿಸ್ ಕೆಲಸವನ್ನು ನಮಗೆ ವಹಿಸಿದ್ದರು. ಮಿಜಾರಿನ ಶಾಲೆಯಲ್ಲಿ ಐದನೆಯ ತರಗತಿಗೇ ಓದು ಬಿಟ್ಟವನು ನಾನು. ಆದರೂ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದೆ. ಬೆಳ್ತಂಗಡಿಯಿಂದಲೂ ಜನ ನನ್ನ ಹೆಸರು ಕೇಳಿಕೊಂಡು ಬರುತ್ತಿದ್ದರು. ಬಿಡಿಭಾಗಗಳ ಹೆಸರೆಲ್ಲ ಇಂಗ್ಲಿಷಿನಲ್ಲೇ ಬಾಯಿಗೆ ಬರುತ್ತಿದ್ದವು. ಸಹಿಯನ್ನೂ ಇಂಗ್ಲಿಷಿನಲ್ಲೇ ಹಾಕಲು ಅಭ್ಯಾಸ ಮಾಡಿಕೊಂಡಿದ್ದೆ. ಅದರಾಚೆ ಆ ಭಾಷೆಯ ಒಂದು ಸಾಲನ್ನೂ ಓದಲಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಲು ನಾನು ಬಿಟ್ಟಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಪುಂಜಾಲಕಟ್ಟೆಯ ಸಂಜೀವಣ್ಣನ ಟ್ಯಾಕ್ಸಿಯನ್ನು ಲಾರಿಗೆ ಹಗ್ಗ ಕಟ್ಟಿ ಎಳೆದು ತಂದರು. ಸಂಜೀವಣ್ಣ ಇಪ್ಪತ್ತು ವರ್ಷ ಬೊಂಬಾಯಿಯ ಹೋಟೆಲಿನಲ್ಲಿ ಅಡುಗೆ ಮಾಡಿ, ಇನ್ನು ಹೆಂಡತಿ ಮಕ್ಕಳೊಂದಿಗೆ ಊರಲ್ಲೇ ಇರುವ ಎಂದು ಆ ಹೊಸ ಕಾರು ಕೊಂಡಿದ್ದರು. ಆಗಿದ್ದದ್ದು ನಾಲ್ಕೇ ತಿಂಗಳು. ಮೀಟರಿನಲ್ಲಿ ಏಳು ಸಾವಿರ ಕಿಲೋಮೀಟರ್ ತುಂಬಿರಲಿಲ್ಲ. ತಯಾರಿಕೆಯಲ್ಲಿ ದೋಷವಿದ್ದರೆ ಕಂಪೆನಿಯೇ ಸರಿಮಾಡಿಕೊಡುವ ಕರಾರಿಗೆ ವಾರಂಟಿ ಎನ್ನುತ್ತಾರೆ. ಆ ಕಾರಿಗೆ ಅದು ಆರು ತಿಂಗಳು ಅಥವಾ ಹತ್ತು ಸಾವಿರ ಕಿಲೋಮೀಟರ್ ಇತ್ತು.

"ಬಾಬಣ್ಣ, ಏರಿನಲ್ಲಿ ಟಕಟಕ ಅಂತ ಶುರುವಾಯ್ತು. ಮತ್ತೆ ಒಮ್ಮೆಲೇ ಹಿಡ್ಕೊಂಡಿತು. ಬದುಕ್ತದಾ ಇದು?" ಎಂದರು.

"ವಾರಂಟಿ ಉಂಟಲ್ಲ ಮಾರಾಯ್ರೆ. ಅದು ಬದುಕ್ತದೆ, ನೀವು ಸಾಯ್ಬೇಡಿ" ಎಂದೆ.

ಡೀಲರಿಗೆ ಫೋನ್ ಮಾಡಿ, ಅನುಮತಿ ಪಡೆದು ಎಂಜಿನ್ ಬಿಚ್ಚಿದೆ. ಬಿಚ್ಚುವ ಮೊದಲು ಆಯಿಲ್ ನೋಡಿದೆ. ಗುರುತಿನವರೆಗೂ ಸರಿಯಾಗಿಯೇ ಇತ್ತು. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿ ಮಾಡುವ ದಂಡವೇ ಕ್ರ್ಯಾಂಕ್ ಶಾಫ್ಟ್. ಅದರೊಳಗೆ ಆಯಿಲ್ ಹರಿಯಲು ಸಣ್ಣ ದಾರಿಗಳಿರುತ್ತವೆ. ಒಂದು ದಾರಿಯಲ್ಲಿ, ಕಾರ್ಖಾನೆಯಲ್ಲಿ ತೂತು ಕೊರೆದಾಗ ಉಳಿದ ಕಬ್ಬಿಣದ ಸುರುಳಿಚೂರುಗಳು ಸಿಕ್ಕಿಕೊಂಡಿದ್ದವು. ಆಯಿಲ್ ಸಿಗದ ಬೇರಿಂಗ್ ಕರಗಿ ಶಾಫ್ಟಿಗೇ ಅಂಟಿ ಅದನ್ನೂ ಕೆಡಿಸಿತ್ತು. ಸಂಜೀವಣ್ಣನ ತಪ್ಪು ಒಂದಿಷ್ಟೂ ಇರಲಿಲ್ಲ.

ಎರಡು ದಿನ ಬಿಟ್ಟು ಡೀಲರರ ಕಡೆಯ ಇನ್‌ಸ್ಪೆಕ್ಟರ್ ಬಂದರು. ನಾನು ಕಂಡದ್ದೆಲ್ಲವನ್ನೂ ವಿವರಿಸಿದೆ. ಅವರು ಇಂಗ್ಲಿಷಿನಲ್ಲಿ ಒಂದು ಪುಟ ಬರೆದರು. ಬೇರಿಂಗನ್ನೂ ಚೂರುಗಳನ್ನೂ ಪೊಟ್ಟಣ ಕಟ್ಟಿಕೊಂಡರು. ಆಮೇಲೆ ಕಾಗದವನ್ನು ನನ್ನ ಮುಂದೆ ಇಟ್ಟು, "ಓದಿ ನೋಡಿ, ಸರಿ ಇದ್ರೆ ಸಹಿ ಹಾಕಿ" ಎಂದರು.

ಸಂಜೀವಣ್ಣ ಪಕ್ಕದಲ್ಲೇ ನಿಂತಿದ್ದರು. ಗ್ಯಾರೇಜಿನವರೆಲ್ಲ ನೋಡುತ್ತಿದ್ದರು. ನಾನು ಕೈ ಒರೆಸಿಕೊಂಡು ಕಾಗದ ಹಿಡಿದೆ. ಮೇಲಿನಿಂದ ಕೆಳಗೆ ನಿಧಾನವಾಗಿ ಕಣ್ಣಾಡಿಸಿದೆ. ನಡುವೆ ಒಮ್ಮೆ ತಲೆಯನ್ನೂ ಆಡಿಸಿದೆ. "ಸರಿ ಉಂಟು" ಎಂದು ಸಹಿ ಹಾಕಿದೆ.

ಮೂರು ವಾರ ಕಳೆದು ಸಂಜೀವಣ್ಣ ಒಂದು ಪತ್ರ ಹಿಡಿದುಕೊಂಡು ಬಂದರು. ಊರಿನ ಮೇಷ್ಟ್ರು ಅದನ್ನು ಓದಿ ಹೇಳಿದ್ದರಂತೆ. ಆಯಿಲ್ ಕಡಿಮೆ ಇರುವಾಗ ಕಾರು ಓಡಿಸಿದ್ದರಿಂದ ಎಂಜಿನ್ ಕೆಟ್ಟಿದೆ, ಬಿಚ್ಚಿದ ಮೆಕ್ಯಾನಿಕ್ಕೇ ಹಾಗೆಂದು ಸಹಿ ಮಾಡಿದ್ದಾನೆ, ಆದ್ದರಿಂದ ವಾರಂಟಿ ಸಿಗದು ಎಂದು ಅದರಲ್ಲಿತ್ತು.

"ನೀವು ಹಾಗೆ ಹೇಳಿದ್ದಾ ಬಾಬಣ್ಣ?"

"ಇಲ್ಲ ಸಂಜೀವಣ್ಣ. ನಾನು ಹೇಳಿದ್ದನ್ನು ನೀವೇ ಕೇಳಿದ್ರಲ್ಲ."

"ಮತ್ತೆ ಓದಿ ಸಹಿ ಹಾಕಿದ್ದಲ್ವಾ ನೀವು?"

ಆಗ ಹೇಳಲೇಬೇಕಾಯಿತು. ಅವರು ಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಒಂದು ಮಾತು ಹೇಳ್ಬಾರದಿತ್ತಾ? ನನಗಾದ್ರೂ ಇಂಗ್ಲಿಷ್ ಬರ್ತದಾ? ಮೇಷ್ಟ್ರನ್ನು ಅವತ್ತೇ ಕರ್ಕೊಂಡು ಬರ್ತಿದ್ದೆ."

ಮರುದಿನವೇ ನಾವಿಬ್ಬರೂ ಮಂಗಳೂರಿಗೆ ಹೋದೆವು. ಪೊಟ್ಟಣ ಎಲ್ಲಿದೆಯೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಇನ್‌ಸ್ಪೆಕ್ಟರ್ ಬೇರೆ ಊರಿಗೆ ವರ್ಗವಾಗಿದ್ದರು. ನಾನು ಓದದೆ ಸಹಿ ಹಾಕಿದೆ ಎಂದು ಎಲ್ಲರ ಮುಂದೆ ಹೇಳಿದೆ. ಮ್ಯಾನೇಜರು ಸಿಟ್ಟಾಗಲಿಲ್ಲ. "ಓದದೆ ಸಹಿ ಹಾಕುವವರ ಯಾವ ಮಾತನ್ನು ನಾನು ನಂಬುವುದು? ಅವತ್ತಿನದ್ದಾ, ಇವತ್ತಿನದ್ದಾ?" ಎಂದಷ್ಟೇ ಕೇಳಿದರು. ಆ ಇನ್‌ಸ್ಪೆಕ್ಟರ್ ಬೇಕೆಂದೇ ಹಾಗೆ ಬರೆದರೋ, ನನ್ನ ವಿವರಣೆ ತಲೆಗೆ ಹೋಗದೆ ಬರೆದರೋ ಇಂದಿಗೂ ಗೊತ್ತಿಲ್ಲ.

ಕ್ರ್ಯಾಂಕ್ ಶಾಫ್ಟ್ ಹೊಸತು ಹಾಕಿಸುವ ಶಕ್ತಿ ಸಂಜೀವಣ್ಣನಿಗೆ ಇರಲಿಲ್ಲ. ಮಜೂರಿ ಬೇಡವೆಂದೆ, ಬರೀ ಮಜೂರಿ ಬಿಟ್ಟರೆ ಸಾಕಾಗುವ ಕೆಲಸ ಅದಲ್ಲ. ಕೊನೆಗೆ ಮೂಡಬಿದ್ರಿಯವರೊಬ್ಬರು ಕಾರನ್ನು ಇದ್ದ ಹಾಗೆಯೇ ಕೊಂಡರು. ಗ್ಯಾರೇಜಿನ ಜೀಪಿಗೆ ಕಟ್ಟಿ ನಾನೇ ಎಳೆದುಕೊಂಡು ಹೋದೆ. ಹಿಂದೆ ಸಂಜೀವಣ್ಣ ಸ್ಟಿಯರಿಂಗ್ ಹಿಡಿದು ಕುಳಿತಿದ್ದರು. ಸಿದ್ದಕಟ್ಟೆಯ ಹತ್ತಿರ ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಟ್ಯಾಕ್ಸಿ ಕಂಡು ಕೈ ಅಡ್ಡ ಹಿಡಿದಳು. ಹಗ್ಗ ಕಂಡ ಮೇಲೆ ಕೈ ಇಳಿಸಿದಳು. ಕನ್ನಡಿಯಲ್ಲಿ ನೋಡಿದೆ, ಸಂಜೀವಣ್ಣ ಅವಳ ಕಡೆಗೆ ತಿರುಗಲಿಲ್ಲ.

ಮೂಡಬಿದ್ರಿಯಲ್ಲಿ ಮಾರಾಟದ ಪತ್ರ ಕನ್ನಡದಲ್ಲೇ ಇತ್ತು. ಸಂಜೀವಣ್ಣ ಅದನ್ನು ನನ್ನ ಕೈಗೆ ಕೊಟ್ಟರು. "ಇದು ನಿಮಗೆ ಬರ್ತದಲ್ಲ, ಗಟ್ಟಿಯಾಗಿ ಓದಿ" ಎಂದರು. ಓದಿದೆ. ಓದಿ ಮುಗಿದ ಮೇಲೆಯೇ ಅವರು ಸಹಿ ಹಾಕಿದರು. ಆ ತಿಂಗಳಲ್ಲೇ ಅವರು ಬೊಂಬಾಯಿಯ ಅಡುಗೆಮನೆಗೆ ವಾಪಸು ಹೋದರು.

ಆಮೇಲೆ ಹದಿನೆಂಟು ವರ್ಷ ಕೆಲಸ ಮಾಡಿದೆ. ಇಂಗ್ಲಿಷ್ ಕಾಗದ ಯಾರು ಮುಂದಿಟ್ಟರೂ, "ಇದು ನನಗೆ ಓದಲು ಬರುವುದಿಲ್ಲ, ಕನ್ನಡದಲ್ಲಿ ಹೇಳಿ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದೆ. ಒಬ್ಬರೂ ನಗಲಿಲ್ಲ. ಅಂದು ಹೇಳಿದ್ದರೂ ಯಾರೂ ನಗುತ್ತಿರಲಿಲ್ಲ.