ಸಾಮಿಲ್ಲಿನ ಸದ್ದು, ಅಟ್ಟದ ಕಾಯಿ

ನನ್ನ ಗಂಟಲು ಇಷ್ಟು ದೊಡ್ಡದಾಗಿದ್ದು ಹುಟ್ಟಿನಿಂದಲ್ಲ, ಮದುವೆಯಿಂದ. ತಿಪಟೂರಿನ ಮನೆಗಳು ಮುಗಿದು ತುರುವೇಕೆರೆ ರಸ್ತೆ ಶುರುವಾಗುವ ಕಡೆ ನಮ್ಮ ಯಜಮಾನರ ಸಾಮಿಲ್ಲು ಇತ್ತು. ತಗಡಿನ ಚಪ್ಪರ, ಒಂದು ಮೋಟಾರು, ಮೊರಕ್ಕಿಂತ ಅಗಲವಾದ ಗರಗಸದ ಚಕ್ರ, ಕೆಲಸಕ್ಕೆ ಇಬ್ಬರು ಆಳು. ಬೇವು, ಹಲಸಿನ ದಿಮ್ಮಿ ಬಂದರೆ ಹೇಗೋ ತಡೆದುಕೊಳ್ಳಬಹುದಿತ್ತು. ಫಸಲು ನಿಂತ ಹಳೇ ತೆಂಗಿನ ಮರ ಉರುಳಿಸಿ ಯಾರಾದರೂ ರೀಪು, ತೊಲೆ ಕುಯ್ಯಿಸಲು ತಂದರೆ ಮುಗಿಯಿತು. ಅದರ ಹೊರಮೈ ಕಬ್ಬಿಣದ ಹಾಗೆ. ಚಕ್ರ ಅದಕ್ಕೆ ತಾಗಿದರೆ ರಸ್ತೆಯಾಚೆ ಟೀ ಅಂಗಡಿಯಲ್ಲಿ ಕೂತವರೂ ಆಡುತ್ತಿದ್ದ ಮಾತು ನಿಲ್ಲಿಸಿ, ಕುಯ್ದು ಮುಗಿಯಲಿ ಅಂತ ಕಾಯುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆ ಮನೆ ಸೇರಿದೆ. ಮನೆ ಇದ್ದದ್ದು ಬಿಳಿಗೆರೆ ಹತ್ತಿರ, ನಮ್ಮದೇ ತೆಂಗಿನ ತೋಟದ ಬದಿಯಲ್ಲಿ. ಇವರು ದಿನಾ ಸೈಕಲ್ಲಿನಲ್ಲಿ ಸಾಮಿಲ್ಲಿಗೆ ಹೋಗಿ ಬರುತ್ತಿದ್ದರು. ಸಂಜೆ ಬಂದು ಒಂದು ಲೋಟ ನೀರು ಕೇಳಿದರೂ ಜಗಳಕ್ಕೆ ಬಂದವರ ಹಾಗೆ ಕೇಳೋರು. ನಾನು ಏನು ತಪ್ಪು ಮಾಡಿದೆನೋ ಅಂತ ಅಡುಗೆಮನೆಯಲ್ಲಿ ಕೂತು ಅತ್ತಿದ್ದೂ ಉಂಟು. ಆಮೇಲೆ ಅತ್ತೆಯೇ ಸಮಾಧಾನ ಹೇಳಿದರು: "ಅವ್ನು ಬೈತಿಲ್ಲ ಕಣವ್ವ, ಮಾತಾಡ್ತಾವ್ನೆ." ಅಳುವುದನ್ನು ಬಿಟ್ಟು ನಾನೂ ಅದೇ ದನಿಯಲ್ಲಿ ಉತ್ತರ ಕೊಡುವುದು ಕಲಿತೆ. ಬಂದ ನೆಂಟರು ನಮ್ಮಿಬ್ಬರ ಮುಖ ನೋಡಿ ಕಾಫಿ ಕುಡಿಯದೆಯೇ ಎದ್ದು ಹೊರಡೋರು.

ಅವರ ಕಿವಿ ಹೋಗುತ್ತಿದೆ ಅಂತ ಇಷ್ಟಾದರೂ ನನಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಸುತ್ತ ಹಳ್ಳಿಯಲ್ಲೆಲ್ಲ ಅವರ ಕಿವಿಗೇ ಹೆಸರಿತ್ತು. ನಮ್ಮ ಕಡೆ ತೆಂಗಿನಕಾಯನ್ನು ಹಸಿಯಾಗಿ ಮಾರುವುದು ಕಡಿಮೆ. ವರ್ಷದ ಹತ್ತಿರ ಅಟ್ಟದ ಮೇಲೆ ಹಾಕಿಟ್ಟರೆ ನೀರು ಒಳಗೇ ಇಂಗಿ, ತಿರುಳು ಒಣಗಿ, ಕರಟ ಬಿಟ್ಟುಕೊಂಡು ಇಡೀ ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಒಡೆಯದೆ ತಿಳಿಯಬೇಕಲ್ಲ, ಅದಕ್ಕೆ ಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಕೊಬ್ಬರಿ ಲೊಡಲೊಡ ಅಂದರೆ ಆಯಿತು. ಅದರ ಜೊತೆ ಎಲ್ಲೋ ಒಂದಿಷ್ಟು ನೀರು ಆಡಿದರೂ ಇನ್ನೂ ಅಟ್ಟದಲ್ಲೇ ಬಿಡಬೇಕು. ಮಾವನವರಿಂದ ಇವರಿಗೆ ಬಂದ ವಿದ್ಯೆ ಅದು. ಅನುಮಾನ ಬಂದರೆ ಅಕ್ಕಪಕ್ಕದ ತೋಟದವರು ಇವರನ್ನೇ ಕರೆದುಕೊಂಡು ಹೋಗೋರು. ನಮ್ಮ ಮನೆಯಲ್ಲಿ ಕಾಯಿ ನೋಡುವುದು ಗಂಡಸರ ಕೆಲಸ, ಒಡೆದು ಕರಟ ಬಿಡಿಸುವುದು ಹೆಂಗಸರ ಕೆಲಸ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಇವರು ಅಟ್ಟದಿಂದ ಒಂದು ರಾಶಿ ಕಾಯಿ ಆರಿಸಿ ಇಳಿಸಿ, "ಆಗೈತೆ, ಒಡೀರಿ" ಅಂದರು. ನಾನು ಮಚ್ಚು ಹಿಡಿದು ಕೂತೆ. ಮೊದಲನೆಯದು ಒಡೆದರೆ ಒಳಗೆ ತೇವ. ಇರಲಿ ಅಂತ ಬದಿಗಿಟ್ಟೆ. ಮುಂದಿನದೂ ತೇವ, ಅದರ ಮುಂದಿನದರಲ್ಲಿ ಅಂಗೈ ಒದ್ದೆಯಾಗುವಷ್ಟು ನೀರು.

"ರೀ, ಇದ್ರಾಗೆ ನೀರೈತೆ," ಅಂದೆ.

ಅವರಿಗೆ ಸಿಟ್ಟು ಬಂತು. ಇನ್ನೊಂದು ಕಾಯಿ ತೆಗೆದುಕೊಂಡು ತಮ್ಮ ಕಿವಿ ಹತ್ತಿರ ಅಲ್ಲಾಡಿಸಿದರು. ಆಮೇಲೆ ನನ್ನ ಕಿವಿ ಹತ್ತಿರ ತಂದು, "ಎಲ್ಲೈತೆ ತೋರ್ಸು ನೀರು" ಅಂತ ಇನ್ನೂ ಜೋರಾಗಿ ಅಲ್ಲಾಡಿಸಿದರು. ನನಗೆ ಕೇಳಿಸಿತು. ಅವತ್ತಿನವರೆಗೆ ಒಂದು ಕಾಯನ್ನೂ ಕಿವಿಗೆ ಹಿಡಿಯದ ನನಗೆ ಕೇಳಿಸಿತು. ನನ್ನ ಮುಖ ನೋಡಿ ಅವರು ಕೈ ಇಳಿಸಿಬಿಟ್ಟರು. ಲೊಡ ಅನ್ನುವುದು ಅವರ ಕೈಗೆ ಗೊತ್ತಾಗುತ್ತಿತ್ತು, ನೀರಿನ ಸಣ್ಣ ಸದ್ದು ಮಾತ್ರ ಕಿವಿಗೆ ಬೀಳುತ್ತಿರಲಿಲ್ಲ. ಒಡೆದ ಕೊಬ್ಬರಿಯನ್ನು ಬಿಸಿಲಿಗೆ ಹಾಕಿ ಆದಷ್ಟು ಉಳಿಸಿಕೊಂಡೆವು, ಆದರೆ ಅವರು ಆಮೇಲೆ ಬಹಳ ಕಾಲ ಅಟ್ಟ ಹತ್ತಲಿಲ್ಲ.

ಅತ್ತೆಯ ಔಷಧಿ ಶುರುವಾಯಿತು. ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ಮಗನನ್ನು ಮಗ್ಗುಲಾಗಿ ಮಲಗಿಸಿ ಬೆಚ್ಚಗೆ ಕಿವಿಗೆ ಬಿಡೋರು. "ಗರಗಸದ ದೂಳು ಕೂತೈತೆ, ಎಣ್ಣೆ ಬುಟ್ರೆ ಈಚೆಗೆ ಬತ್ತದೆ ಬುಡು," ಅನ್ನೋರು. ಎಣ್ಣೆ ಹತ್ತಿ ಇಟ್ಟುಕೊಂಡು ಇವರು ಸಾಮಿಲ್ಲಿಗೆ ಹೋಗೋರು, ಹೋದ ಹಾಗೇ ವಾಪಸ್ಸು ಬರೋರು. ದೂಳೂ ಬರಲಿಲ್ಲ, ಸದ್ದೂ ಬರಲಿಲ್ಲ. ನನ್ನ ತಾಳ್ಮೆ ಮೊದಲೇ ಅಷ್ಟಕ್ಕಷ್ಟೆ. ತುಮಕೂರಿನ ಡಾಕ್ಟರ ಹತ್ತಿರ ಹೊರಡದಿದ್ದರೆ ನಾಳೆಯಿಂದ ಈ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂದೆ. ಅದು ಮಾತ್ರ ಅವರಿಗೆ ಸರಿಯಾಗಿ ಕೇಳಿಸಿತು.

ತುಮಕೂರಿನ ಕಿವಿ ಡಾಕ್ಟರು ನಿಧಾನದ ಮನುಷ್ಯ. ಯಂತ್ರದ ಮುಂದೆ ಕೂರಿಸಿ, ಕಿವಿಗೆ ಒಂದೊಂದೇ ಸದ್ದು ಬಿಟ್ಟು, ಕೇಳಿಸಿದಾಗ ಕೈಯೆತ್ತಿ ಅಂದರು. ಇವರು ಕೈಯೆತ್ತದೆ ಸುಮ್ಮನೆ ಕೂತಿದ್ದ ಹೊತ್ತೇ ಹೆಚ್ಚು. ಕೊನೆಗೆ ಡಾಕ್ಟರು ಹೇಳಿದರು: "ಸಣ್ಣ ಸದ್ದುಗಳನ್ನ ಗರಗಸ ತಿಂದುಹಾಕಿದೆ. ಹೋಗಿರೋದನ್ನ ನಾನು ವಾಪಸ್ ತರೋಕಾಗಲ್ಲ. ಹೀಗೇ ಬಿಟ್ಟರೆ ಮುಂದೆ ಮನೆಯವರ ಮಾತೂ ಹೋಗ್ತದೆ. ಇರೋದನ್ನ ಉಳಿಸ್ಕೊಳ್ಳಿ." ಎಣ್ಣೆ ನಿಲ್ಲಿಸಬೇಕು, ಹತ್ತಿ ಸಾಲದು, ಕಾರ್ಖಾನೆಯವರು ಹಾಕಿಕೊಳ್ಳುವ ಕಿವಿಮುಚ್ಚುಗ ತರಿಸಿ, ಒಬ್ಬರೇ ದಿನವೆಲ್ಲ ಚಕ್ರದ ಮುಂದೆ ನಿಲ್ಲಬೇಡಿ ಅಂತ ಹೇಳಿ ಕಳಿಸಿದರು. ಬಸ್ಸಿನಲ್ಲಿ ಇವರು ಕಿಟಕಿ ಕಡೆ ತಿರುಗಿದವರು ಊರು ಬರುವವರೆಗೂ ಈ ಕಡೆ ತಿರುಗಲಿಲ್ಲ. ನನಗೆ ಭಯ ಹತ್ತಿತು. ಎಷ್ಟು ಕೂಗಿದರೂ ನನ್ನ ಮಾತು ಕೇಳಿಸದ ದಿನ ಬಂದರೆ ಈ ಮನುಷ್ಯನ ಜೊತೆ ಹೇಗೆ ಬಾಳುವುದು ಅಂತ.

ಬೆಂಗಳೂರಿಗೆ ಮದುವೆಗೆ ಹೋದಾಗ ಕಾರ್ಖಾನೆ ಸಾಮಾನು ಮಾರುವ ಅಂಗಡಿ ಹುಡುಕಿ ನಾನೇ ನಿಂತು ಆ ಕಿವಿಮುಚ್ಚುಗ ಕೊಡಿಸಿದೆ. ಎರಡು ದಪ್ಪ ಬಟ್ಟಲು, ನಡುವೆ ತಲೆ ಮೇಲೆ ಕೂರುವ ಪಟ್ಟಿ. ಇವರು ಅದನ್ನು ತಂದು ಸಾಮಿಲ್ಲಿನ ಕಂಬದ ಮೊಳೆಗೆ ನೇತುಹಾಕಿದರು. ನೇತಾಡಿದ್ದು ನೇತಾಡಿದ ಹಾಗೇ ಇತ್ತು. ಊಟ ತೆಗೆದುಕೊಂಡು ಹೋದವಳು ಅದರ ಮೇಲೆ ಮರದ ಹೊಟ್ಟು ಕೂತಿದ್ದು ನೋಡಿ ಕೆಂಡವಾದೆ.

"ಹಾಕ್ಕಂಡ್ರೆ ಗರಗಸ ಕೇಳಲ್ಲ ಕಣೇ," ಅಂದರು. "ಚಕ್ರ ಮರದಾಗೆ ಹಿಡ್ಕೊಳೋಕ್ ಮುಂಚೆ ಸದ್ದು ಬದಲಾಯ್ತದೆ. ಅದು ಗೊತ್ತಾಗ್ದಿದ್ರೆ ಕೈ ಹೋಯ್ತದೆ. ಕಿವಿ ಹೋದ್ರೆ ದುಡ್ಕಂಡು ತಿನ್ಬೋದು, ಕೈ ಹೋದ್ರೆ?"

ಅದು ನೆಪವಲ್ಲ, ನಿಜವಾದ ಮಾತು. ಆದರೂ ಊಟದ ಕ್ಯಾರಿಯರ್ ಕೆಳಗಿಟ್ಟು, ಕಿವಿಮುಚ್ಚುಗವನ್ನು ಮೊಳೆಯಿಂದ ತೆಗೆದು ಸೆರಗಿನಲ್ಲಿ ಒರೆಸಿ, ಮುಡಿದ ಹೂವಿನ ಮೇಲೆಯೇ ತಲೆಗೆ ಹಾಕಿಕೊಂಡೆ. ಆಳುಗಳಿಬ್ಬರೂ ನಗು ತಡೆಯಲಾರದೆ ಆ ಕಡೆ ತಿರುಗಿದರು. ತೆಂಗಿನ ಮರವೇ ಹಾಕಿ, ಕುಯ್ರಿ ಅಂದೆ. ಕುಯ್ದರು. ಚಕ್ರದ ಕಿರುಚಾಟ ದೂರಕ್ಕೆ ಹೋಯಿತೇ ಹೊರತು ಸದ್ದು ಹೋಗಲಿಲ್ಲ. ಮರದ ಗಟ್ಟಿ ಭಾಗ ಬಂದಾಗ ಮೋಟಾರು ಏದುಸಿರು ಬಿಟ್ಟಿದ್ದೂ ತಿಳಿಯಿತು. ಮರ ಮುಗಿಯುವವರೆಗೂ ನಿಂತಿದ್ದು, "ನಂಗೇ ತಿಳೀತದೆ, ನಿಮ್ಗೆ ತಿಳೀದೇ ಏನು? ಹಾಕ್ಕಳ್ರೀ," ಅಂದೆ.

ಮೊದಲು ಒಂದು ಮೆತ್ತನೆ ದಿಮ್ಮಿ ಇಟ್ಟು ಹಾಕಿಕೊಂಡು ನೋಡಿದರು. ತಲೆ ಓರೆ ಮಾಡಿ ಆಲಿಸುತ್ತಾ ಇಂಚಿಂಚೇ ತಳ್ಳಿದರು. ದಿಮ್ಮಿ ಎರಡಾದ ಮೇಲೆ ನನ್ನ ಕಡೆ ನೋಡದೆಯೇ ತಲೆಯಾಡಿಸಿದರು. ಆಳುಗಳಿಗೂ ಅಂಥದ್ದೇ ತರಿಸಿದರು. ಮೂವರೂ ಸರದಿ ಮೇಲೆ ಚಕ್ರದ ಮುಂದೆ ನಿಲ್ಲುವುದು ರೂಢಿಯಾಯಿತು. ಮರ ತಂದ ಗಿರಾಕಿಗಳು ರೇಗಿಸೋರು: "ಏನ್ ಯಜಮಾನ್ರೇ, ಕ್ರಿಕೆಟ್ ಕಾಮೆಂಟ್ರೀನಾ?" ಇವರು, "ಹೂಂ ಕಣ್ರೀ, ನಮ್ಮೋರೇ ಗೆಲ್ತಾವ್ರೆ," ಅನ್ನೋರು.

ಮಾರನೇ ವರ್ಷ ಡಾಕ್ಟರು ಮತ್ತೆ ಯಂತ್ರದ ಮುಂದೆ ಕೂರಿಸಿ, "ಇದ್ದಷ್ಟೂ ಇದೆ, ಇಳಿದಿಲ್ಲ," ಅಂದರು. ನನಗೆ ಆದ ಸಂತೋಷ ಹೇಳತೀರದು. ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದು, ಸಾಲದೆ ನನಗೊಂದು ಇವರಿಗೊಂದು ಅಂತ ಮತ್ತೆ ಹೇಳಿ ತಿಂದೆವು. ಅವತ್ತು ಬಸ್ಸಿನಲ್ಲಿ ಊರು ಬರುವವರೆಗೂ ಇವರದೇ ಮಾತು.

ಅದಾದ ಸ್ವಲ್ಪ ದಿನಕ್ಕೆ, ಬೆಳಿಗ್ಗೆ ಇವರು ಅಟ್ಟಕ್ಕೆ ಏಣಿ ಹಾಕಿದರು. ನಾನು ರೊಟ್ಟಿ ತಟ್ಟುತ್ತಿದ್ದೆ. "ಕೈ ತೊಳ್ಕಂಡು ಬಾರೇ," ಅಂತ ಮೇಲಿನಿಂದ ಕೂಗಿದರು.

ಅತ್ತೆ ಗಾಬರಿಯಾದರು. "ಹೆಂಗಸ್ರು ಕಾಯಿ ನೋಡೋದುಂಟೇನಪ್ಪ?"

"ಕಿವಿ ಇರೋರು ನೋಡ್ಬೇಕು ಕಣವ್ವ," ಅಂದರು ಇವರು.

ಅಟ್ಟದಲ್ಲಿ ನಿಲ್ಲಲು ಆಗುವುದಿಲ್ಲ, ಇಬ್ಬರೂ ಎದುರುಬದುರು ಕೂತೆವು. ಒಂದು ಕಾಯಿ ಆರಿಸಿ ನನ್ನ ಕೈಗೆ ಕೊಟ್ಟು, ಎಂದೂ ಇಲ್ಲದ ಮೆಲುದನಿಯಲ್ಲಿ ಹೇಳಿಕೊಟ್ಟರು. "ಜೋರಾಗ್ ಅಲ್ಲಾಡಿಸ್ಬ್ಯಾಡ. ಒಂದ್ಸಲ ಓಲಾಡ್ಸಿ ನಿಲ್ಸು. ಮೊದ್ಲು ಲೊಡ ಅಂತದೆ, ಅದನ್ನ ಲೆಕ್ಕಕ್ಕೆ ಹಿಡೀಬ್ಯಾಡ. ಅದು ನಿಂತ ಮ್ಯಾಲೆ ಇನ್ನೊಂದು ಬತ್ತದೆ. ಬೆಕ್ಕು ಹಾಲು ಕುಡಿಯೋವಾಗ ನಾಲಿಗೆ ಸದ್ದು ಬರಲ್ವಾ, ಅಷ್ಟೇ ಸಣ್ಣದು. ಅದು ಬಂದ್ರೆ ನೀರೈತೆ ಅಂತ."

ಓಲಾಡಿಸಿ ನಿಲ್ಲಿಸಿದೆ. ಲೊಡ ಅಂದಿದ್ದು ನಿಂತಿತು. ಆಮೇಲೆ ಅದು ಬಂತು, ಅವರು ಹೇಳಿದ ಹಾಗೇ, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ. ಇನ್ನೆಂದೂ ಅವರಿಗೆ ಕೇಳಿಸದ ಸದ್ದು. ನನಗೆ ಕಣ್ಣು ತುಂಬಿಬಂತು.

"ಬಂತಾ?" ಅಂದರು.

"ಬಂತು ಕಣ್ರೀ."

ಕಾಯನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಕಿವಿಗೆ ಹಿಡಿದರು. ಓಲಾಡಿಸಿ ನಿಲ್ಲಿಸಿ, ಸ್ವಲ್ಪ ಹೊತ್ತು ಕಾದರು. ಆಮೇಲೆ ಅದನ್ನು ನೀರಿರುವ ಕಾಯಿಗಳ ಕಡೆಗೆ ಇಟ್ಟು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು.