ಚಿಕ್ಕಪ್ಪ ಕಾಶಿಯಲ್ಲಿ ಬಿಟ್ಟ ಹಣ್ಣು

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಕಾಗದದ ಮೇಲೆ ಬರೆದು ಫೋಟೊ ತೆಗೆದು ಹಾಕುತ್ತಿದ್ದೇನೆ. ಸೊಟ್ಟ ಅಕ್ಷರ, ಕಾಗುಣಿತದ ತಪ್ಪು ಹೊಟ್ಟೆಗೆ ಹಾಕಿಕೊಳ್ಳಿ. ನಿನ್ನೆ ಮತ್ತಿಕೆರೆಯ ಗಾಡಿಯೊಂದರಿಂದ ಹಲಸಿನ ಹಣ್ಣಿನ ವಾಸನೆ ಬಂತು, ಚಿಕ್ಕಪ್ಪ ನೆನಪಾದರು.

ನಾನು ಚಿಕ್ಕವಳಿದ್ದಾಗ ತಾತ ತೀರಿಕೊಂಡರು. ಅಸ್ಥಿಯನ್ನು ಗಂಗೆಯಲ್ಲಿ ಬಿಡಲು ಅಜ್ಜಿ ಚಿಕ್ಕಪ್ಪನನ್ನು ಕಾಶಿಗೆ ಕಳಿಸಿದರು. ಅವರು ತಾಜ್‌ಮಹಲಿನ ಮುಂದೆ ನಿಂತ ಫೋಟೊ ಹಿಡಿದುಕೊಂಡು ಬಂದರು.

"ಪ್ರಪಂಚದ ಅದ್ಭುತಾನೇ ನೋಡ್ಬಂದೆ ಕಣ್ರೀ!" ಎಂದು ಬೀದಿಗೆಲ್ಲ ತೋರಿಸಿದರು.

ಫೋಟೊದಲ್ಲಿ ಅವರ ಕಾಲಡಿ ಕಪ್ಪು ಬಿಳಿ ಚೌಕದ ನೆಲವಿತ್ತು. ಯಶವಂತಪುರದ ಸ್ಟುಡಿಯೋದಲ್ಲೂ ಅಂಥದೇ ನೆಲ, ಹಿಂದೆ ತಾಜ್‌ಮಹಲ್ ಬರೆದ ಪರದೆ. ಹಾಗಾದರೆ ತಾತನ ಅಸ್ಥಿ ಎಲ್ಲಿ ಹೋಯಿತು?

ಅಜ್ಜಿ ಫೋಟೊ ನೋಡಲೇ ಇಲ್ಲ. ಕಾಶಿಗೆ ಹೋದವರು ತಮಗೆ ಇಷ್ಟವಾದ ತಿನಿಸೊಂದನ್ನು ಅಲ್ಲೇ ಬಿಟ್ಟು ಬರಬೇಕು, ಮತ್ತೆ ಮುಟ್ಟಬಾರದು.

"ಅದಿರ್ಲಿ ಕಣೋ, ಕಾಶೀಲಿ ಏನ್ ಬಿಟ್ಟೆ?"

ಚಿಕ್ಕಪ್ಪ ತಡವರಿಸಿದರು. "ಹಲಸಿನ ಹಣ್ಣಮ್ಮ."

"ನೀನಾ? ಹಲಸಿನ ಹಣ್ಣಾ? ಕಾಲ ಬರ್ಲಿ, ನೋಡೋಣ."

ಕಾಲ ಬಂತು. ಅಜ್ಜಿ ಕೈಗೆ ಎಣ್ಣೆ ಸವರಿಕೊಂಡು ಹಣ್ಣು ಬಿಡಿಸಿ, ತೊಳೆಗಳನ್ನು ಅವರ ಮುಂದೆಯೇ ಇಟ್ಟು ಕೂತರು. ಚಿಕ್ಕಪ್ಪ ಎಂಜಲು ನುಂಗಿ ಎದ್ದುಹೋದರು. ಪ್ರತಿ ವರ್ಷವೂ ಹೀಗೇ. ಅಜ್ಜಿ ಹೋದ ಮೇಲೂ, ತಾವು ಸಾಯುವವರೆಗೂ ಅವರು ಮುಟ್ಟಲಿಲ್ಲ. ಅದು ಕಾಶಿಗೆ ಕೊಟ್ಟ ಮಾತೋ, ಹೇಳಿದ ಸುಳ್ಳನ್ನು ಉಳಿಸಿಕೊಳ್ಳುವ ಹಟವೋ, ನನಗೆ ಇಂದಿಗೂ ಅನುಮಾನ.

ಇವತ್ತು ಬೆಳಿಗ್ಗೆ ಒಂದು ತೊಳೆಯನ್ನು ಅವರ ಫೋಟೊ ಮುಂದಿಟ್ಟೆ. ನಿಜವಾಗಿಯೂ ಕಾಶಿಗೆ ಹೋಗಿದ್ದರೂ ಹೋಗಿರಬಹುದು ಅನ್ನಿಸಿ, ತೆಗೆದುಬಿಟ್ಟೆ.